ಬುರುಡೆಯ ಬಿರುಕು ಮತ್ತು ಕೊನೆಯ ಬಸ್ಸು

ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಪ್ರಾಥಮಿಕ ಶಾಲೆಯ ಶಿಕ್ಷಕರು ಹಾಗೂ ಕೆಲವು ಕಿರಿಯ ವೈದ್ಯರು ಸೇರಿದ್ದ ಸಭೆಯೊಂದರಲ್ಲಿ ದಾವಣಗೆರೆಯಲ್ಲಿ ನಾನು ಆಡಿದ ಮಾತುಗಳ ಬರಹ ರೂಪವಿದು. ಹೊತ್ತು ಸಾಲದೆ ಅಂದು ಅವಸರದಲ್ಲಿ ದಾಟಿಸಿದ ಒಂದೆರಡು ಸಂಗತಿಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ನಮ್ಮ ಕಡೆ ‘ತಲೆ ಒಡೆಯಿತು’ ಎಂಬ ಮಾತನ್ನು ಜನ ಯಾವಾಗ ಆಡುತ್ತಾರೆ ಎಂಬುದರಿಂದಲೇ ಆರಂಭಿಸುತ್ತೇನೆ. ಕಲ್ಲು ತಾಗಿಯೋ ಕಿಟಕಿಯ ಮೂಲೆ ಬಡಿದೋ ತಲೆಯ ಚರ್ಮ ಸೀಳಿ ಅಂಗಿಯೆಲ್ಲ ರಕ್ತವಾದಾಗ, ಹುಡುಗನ ತಲೆ ಒಡೆಯಿತು ಎಂದು ಹೊತ್ತುಕೊಂಡು ಓಡಿ ಬರುತ್ತಾರೆ. ಅಂಥ ಮಕ್ಕಳಲ್ಲಿ ಹೆಚ್ಚಿನವರ ಬುರುಡೆಗೆ ಏನೂ ಆಗಿರುವುದಿಲ್ಲ. ತಲೆಯ ಚರ್ಮದಲ್ಲಿ ರಕ್ತನಾಳಗಳು ದಟ್ಟವಾಗಿರುವುದರಿಂದ ಸಣ್ಣ ಗಾಯವೂ ಧಾರಾಳವಾಗಿ ಸುರಿಯುತ್ತದೆ, ನಾಲ್ಕು ಹೊಲಿಗೆ ಹಾಕಿದರೆ ನಿಲ್ಲುತ್ತದೆ. ಇದಕ್ಕೆ ಪ್ರತಿಯಾಗಿ, ಮಂಚದಿಂದಲೋ ಜಗಲಿಯಿಂದಲೋ ಬಿದ್ದ ಎಂಟು ತಿಂಗಳ ಕೂಸಿನ ಬುರುಡೆ ನಿಜವಾಗಿಯೂ ಬಿರುಕು ಬಿಟ್ಟಿದ್ದರೂ ಹೊರಗೆ ಒಂದು ಹನಿ ರಕ್ತ ಕಾಣದೆ ಇರಬಹುದು. ಆಗ ಮನೆಯವರು ‘ಏನೂ ಆಗಿಲ್ಲ, ಬುಗುಟು ಬಂದಿದೆ ಅಷ್ಟೇ’ ಎಂದು ಅರಿಸಿನ ಹಚ್ಚಿ, ದೃಷ್ಟಿ ತೆಗೆದು ಮಲಗಿಸುತ್ತಾರೆ. ಮರುದಿನ ತಲೆಗೆ ಎಣ್ಣೆ ಹಚ್ಚುವಾಗ ಅಜ್ಜಿಯ ಬೆರಳಿಗೆ ಕಿವಿಯ ಮೇಲ್ಗಡೆ ಮೆತ್ತನೆಯ, ನೀರು ತುಂಬಿದಂಥ ಊತ ಸಿಗುತ್ತದೆ. ಬಿರುಕಿನ ಸುತ್ತ ಸೋರಿದ ರಕ್ತ ಚರ್ಮದ ಅಡಿಯಲ್ಲಿ ಹರಡಿಕೊಂಡು ಮೆತ್ತಗಾಗುವುದಕ್ಕೆ ಸಾಮಾನ್ಯವಾಗಿ ಒಂದು ದಿನ ಬೇಕು. ನನ್ನ ಬಳಿಗೆ ಬಂದ ಬುರುಡೆ ಬಿರುಕಿನ ಹಸುಗೂಸುಗಳಲ್ಲಿ ಎಷ್ಟೋ ಪ್ರಕರಣಗಳನ್ನು ಮೊದಲು ಪತ್ತೆ ಹಚ್ಚಿದ್ದು ಇಂಥ ಅಜ್ಜಿಯರ ಕೈಗಳೇ.

ಅಲ್ಲಿಂದ ಮುಂದೆ ಭಯ ಇನ್ನೊಂದು ತುದಿಗೆ ಹಾರುತ್ತದೆ. ಸ್ಕ್ಯಾನಿಂಗ್ ಮಾಡಿಸಿ ‘ಫ್ರ್ಯಾಕ್ಚರ್ ಇದೆ’ ಎಂದು ವೈದ್ಯರು ಹೇಳಿದೊಡನೆ ಮನೆಯವರ ಕಣ್ಣ ಮುಂದೆ ಒಡೆದ ಮಡಕೆ ಬರುತ್ತದೆ. ಅಡ್ಮಿಟ್ ಮಾಡಿಕೊಳ್ಳಿ, ಐಸಿಯುನಲ್ಲಿ ಇಡಿ, ಬೆಂಗಳೂರಿಗೆ ಬರೆದುಕೊಡಿ ಎಂಬ ಮಾತುಗಳು ಒಂದರ ಹಿಂದೆ ಒಂದರಂತೆ ಬರುತ್ತವೆ. ಕಿರಿಯ ವೈದ್ಯರೂ ಇದಕ್ಕೆ ಹೊರತಲ್ಲ. ಬುರುಡೆಯ ಬಿರುಕು ಎಂದರೆ ಒಳರೋಗಿಯೇ ಎಂಬ ರೂಢಿ ನಮ್ಮ ವೃತ್ತಿಯೊಳಗೂ ಬಹಳ ಕಾಲ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಈ ರೂಢಿಯನ್ನು ಪ್ರಶ್ನಿಸುವುದು ನನ್ನ ಉದ್ದೇಶ. ಮೂಳೆ ಬಿರುಕು ಬಿಟ್ಟಿದೆಯೇ ಎಂಬುದಕ್ಕಿಂತ, ಮೂಳೆಯ ಅಡಿಯಲ್ಲಿ ಏನಿದೆ, ಮಗು ಈಗ ಹೇಗಿದೆ, ಈ ರಾತ್ರಿ ಅದನ್ನು ಯಾರು ಎಲ್ಲಿ ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗಳೇ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಬೇಕು.

ಮೆದುಳನ್ನು ಆವರಿಸಿರುವ ಬುರುಡೆ 8 ಮೂಳೆಗಳ ಜೋಡಣೆ. ದೊಡ್ಡವರಲ್ಲಿ ಈ ಮೂಳೆಗಳು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಕೂಸಿನಲ್ಲಿ ಅವುಗಳ ನಡುವೆ ಸಡಿಲವಾದ ಸಂದುಗಳಿರುತ್ತವೆ, ಮುಂದಲೆಯ ಮೆತ್ತನೆಯ ನೆತ್ತಿ ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಕೂಸಿನ ಬುರುಡೆಯ ಮೂಳೆ ತೆಳ್ಳಗಿರುವುದರಿಂದ ಸಣ್ಣ ಎತ್ತರದಿಂದ ಬಿದ್ದರೂ ಸೀಳಬಹುದು, ಅದರಲ್ಲೂ ಕಿವಿಯ ಮೇಲ್ಭಾಗದ ಪಕ್ಕದ ಮೂಳೆ ಸೀಳುವುದು ಹೆಚ್ಚು. ಮೂಳೆ ಸ್ಥಾನ ಬಿಟ್ಟು ಕದಲದೆ, ಒಳಕ್ಕೆ ಕುಸಿಯದೆ, ಗೆರೆ ಎಳೆದಂತೆ ಮಾತ್ರ ಸೀಳಿದ್ದರೆ ಅದನ್ನು ನೇರ ಬಿರುಕು ಎನ್ನುತ್ತೇವೆ. ಇದಕ್ಕೆ ಪ್ಲಾಸ್ಟರ್ ಇಲ್ಲ, ಪಟ್ಟಿ ಇಲ್ಲ, ಮೂಳೆ ಕೂಡಿಸುವ ಮಾತ್ರೆಯೂ ಇಲ್ಲ. ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಹಾಗಿದ್ದರೆ ಆಸ್ಪತ್ರೆಯಲ್ಲಿ ಇರಿಸಿಕೊಂಡು ನಾವು ಮಾಡುವ ಚಿಕಿತ್ಸೆಯಾದರೂ ಏನು? ಹೆಚ್ಚಿನ ಮಕ್ಕಳಿಗೆ ನೋವಿನ ಔಷಧ ಕೊಟ್ಟು ಕಾಯುವುದಷ್ಟೇ. ಕಾಯುವ ಕೆಲಸಕ್ಕೆ ಆಸ್ಪತ್ರೆಯೇ ಬೇಕೇ ಎಂದು ಕೇಳುವ ಹಕ್ಕು ತಾಯಿಗೆ ಇದೆ.

ನಾವು ಕಾಯುವುದು ಮೂಳೆಗಾಗಿ ಅಲ್ಲ, ರಕ್ತಸ್ರಾವಕ್ಕಾಗಿ. ಬುರುಡೆಯ ಒಳಗೋಡೆಗೆ ಅಂಟಿಕೊಂಡಂತೆ ಕಣತಲೆಯ ಬಳಿ ಒಂದು ಅಪಧಮನಿ ಹಾದುಹೋಗುತ್ತದೆ. ಬಿರುಕು ಅದನ್ನು ಹರಿದರೆ ಮೂಳೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತ ಶೇಖರವಾಗಿ ಮೆದುಳನ್ನು ಒತ್ತತೊಡಗುತ್ತದೆ. ಮೊದಲ ಒಂದೆರಡು ಗಂಟೆ ಚೆನ್ನಾಗಿದ್ದ ಮಗು ಆಮೇಲೆ ಮಂಕಾಗಿ, ವಾಂತಿ ಮಾಡಿ, ಎಚ್ಚರ ತಪ್ಪುವುದು ಹೀಗೆ. ವೈದ್ಯರೆಲ್ಲ ಹೆದರುವುದು ಇದಕ್ಕೇ, ಆ ಹೆದರಿಕೆ ಸಕಾರಣವಾದದ್ದೇ. ಆದರೆ ಸಿ.ಟಿ. ಸ್ಕ್ಯಾನ್‌ನಲ್ಲಿ ನೇರ ಬಿರುಕು ಮಾತ್ರ ಕಂಡು, ಒಳಗೆ ರಕ್ತವೂ ಮೆದುಳಿನ ಪೆಟ್ಟೂ ಇಲ್ಲವೆಂದು ಖಚಿತವಾದ ಮೇಲೆ ಈ ಅಪಾಯ ಎಷ್ಟು ಉಳಿಯುತ್ತದೆ ಎಂಬುದನ್ನು ಹೆದರಿಕೆಯಿಂದ ಅಲ್ಲ, ಲೆಕ್ಕದಿಂದ ತಿಳಿಯಬೇಕು.

ಲೆಕ್ಕ ನಮ್ಮಲ್ಲಿದೆ. ಉತ್ತರ ಅಮೆರಿಕದ 25 ತುರ್ತು ವಿಭಾಗಗಳಲ್ಲಿ ತಲೆಗೆ ಪೆಟ್ಟು ಬಿದ್ದ 42,412 ಮಕ್ಕಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ, ಪೆಕಾರ್ನ್ ಎಂಬ ಹೆಸರಿನಿಂದ ವೈದ್ಯರಿಗೆ ಪರಿಚಿತವಾದ ಅಧ್ಯಯನ, ಯಾವ ಮಗುವಿಗೆ ಸ್ಕ್ಯಾನ್ ಬೇಕು, ಯಾವುದಕ್ಕೆ ಬೇಡ ಎಂಬುದಕ್ಕೆ ಒಂದು ಅಳತೆಗೋಲು ಕೊಟ್ಟಿತು. ಅದೇ ಬಳಗ 2015ರಲ್ಲಿ, ನೇರ ಬಿರುಕನ್ನು ಬಿಟ್ಟು ಬೇರೇನೂ ಇಲ್ಲದ 350 ಮಕ್ಕಳ ವಿವರವನ್ನು ಪ್ರಕಟಿಸಿತು. ಅವರಲ್ಲಿ 201 ಮಕ್ಕಳನ್ನು ಆಸ್ಪತ್ರೆಯಲ್ಲಿ ಇರಿಸಿಕೊಳ್ಳಲಾಗಿತ್ತು, ಉಳಿದವರನ್ನು ಮನೆಗೆ ಕಳುಹಿಸಲಾಗಿತ್ತು. ಎರಡೂ ಗುಂಪುಗಳಲ್ಲಿ ಒಂದೇ ಒಂದು ಮಗುವಿಗೂ ಮೆದುಳಿನ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಮರುವರ್ಷ, ಇಂಥ 21 ಅಧ್ಯಯನಗಳ 6,646 ಮಕ್ಕಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯಲ್ಲಿ ತುರ್ತು ಶಸ್ತ್ರಚಿಕಿತ್ಸೆ ಬೇಕಾದದ್ದು 1 ಮಗುವಿಗೆ, ಸತ್ತ ಮಗು ಒಂದೂ ಇಲ್ಲ. ಈ ಅಂಕಿಗಳನ್ನು ಮೊದಲ ಬಾರಿ ಓದಿದಾಗ ನನಗೆ ಸಮಾಧಾನಕ್ಕಿಂತ ಮುಜುಗರವೇ ಹೆಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಅದಕ್ಕೆ ಕಾರಣವಾದ ಪ್ರಸಂಗವನ್ನು ಹೇಳಿಬಿಡುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಜಗಳೂರು ತಾಲ್ಲೂಕಿನ ಹಳ್ಳಿಯೊಂದರಿಂದ ಹತ್ತು ತಿಂಗಳ ಹೆಣ್ಣುಕೂಸನ್ನು ಕರೆತಂದರು. ಮೆಕ್ಕೆಜೋಳದ ತೆನೆ ಮುರಿಯುವ ಕಾಲ. ಕೂಸು ಆಡುತ್ತಿತ್ತು, ಹಾಲು ಕುಡಿಯುತ್ತಿತ್ತು, ನನ್ನ ಸ್ಟೆತಸ್ಕೋಪನ್ನು ಎಳೆದು ಬಾಯಿಗಿಟ್ಟುಕೊಳ್ಳುತ್ತಿತ್ತು. ಸ್ಕ್ಯಾನ್‌ನಲ್ಲಿ ನೇರ ಬಿರುಕು ಮಾತ್ರ. ಆದರೂ ನಾನು ಅದನ್ನು ಐದು ದಿನ ವಾರ್ಡಿನಲ್ಲಿ ಇರಿಸಿಕೊಂಡೆ. ‘ಮಗು ಚೆನ್ನಾಗೈತಲ್ಲ ಸರ್, ಮತ್ತೆ ಯಾಕ್ ಇಟ್ಕಂಡೀರಿ?’ ಎಂದು ಆ ತಾಯಿ ಪ್ರತಿದಿನ ರೌಂಡ್ಸಿನಲ್ಲಿ ಕೇಳುತ್ತಿದ್ದಳು, ನಾನು ಪ್ರತಿದಿನ ‘ತಲೆ ವಿಷಯ ತಾಯಿ’ ಎನ್ನುತ್ತಿದ್ದೆ. ಮೂರನೆಯ ದಿನ ಪಕ್ಕದ ಹಾಸಿಗೆಯ ಮಗುವಿನಿಂದ ಇದಕ್ಕೂ ಭೇದಿ ಹತ್ತಿತು. ತಲೆಗೆ ಬಿದ್ದು ಬಂದ ಕೂಸಿಗೆ ನಾನು ಕೊನೆಗೆ ಗ್ಲೂಕೋಸ್ ಹಾಕಿದ್ದು ಭೇದಿಗಾಗಿ. ಅತ್ತ ಗಂಡ ಆಳುಗಳನ್ನು ಹಿಡಿದುಕೊಂಡು ಒಬ್ಬನೇ ಜೋಳ ಮುರಿದ. ದೊಡ್ಡ ಮಗ ಯಾರದೋ ಮನೆಯಲ್ಲಿ ಉಂಡ. ಆಕೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಇದ್ದದ್ದು ನನ್ನ ಭಯ ಮಾತ್ರ. ಅದಕ್ಕೆ ಬೆಲೆ ತೆತ್ತವಳು ಆಕೆ.

ಹಾಗೆಂದು ಬಿರುಕು ಬಿಟ್ಟ ಮಕ್ಕಳನ್ನೆಲ್ಲ ಮನೆಗೆ ಅಟ್ಟಿಬಿಡಬೇಕೆಂದು ನಾನು ಹೇಳುತ್ತಿಲ್ಲ. ಯಾವುದು ಸಣ್ಣ ಬಿರುಕು ಅಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಮೂಳೆ ಒಳಕ್ಕೆ ಕುಸಿದಿದ್ದರೆ, ಬಿರುಕಿನ ಮೇಲೆ ಚರ್ಮವೂ ಹರಿದು ಗಾಯ ತೆರೆದಿದ್ದರೆ, ಸೀಳು ಬಹಳ ಅಗಲವಾಗಿ ಬಾಯಿ ಬಿಟ್ಟಿದ್ದರೆ ಅಂಥವನ್ನು ನರಶಸ್ತ್ರಚಿಕಿತ್ಸಕರು ನೋಡಲೇಬೇಕು. ಬುರುಡೆಯ ತಳ ಒಡೆದಾಗ ಕಾಣುವ ಗುರುತುಗಳು ನೀವೂ ಗುರುತಿಸಬಲ್ಲಂಥವು: ಕಣ್ಣಿಗೆ ಪೆಟ್ಟು ಬೀಳದಿದ್ದರೂ ಎರಡೂ ಕಣ್ಣುಗಳ ಸುತ್ತ ಕಪ್ಪಾಗುವುದು, ಕಿವಿಯ ಹಿಂದೆ ನೀಲಿಗಟ್ಟುವುದು, ಮೂಗಿನಿಂದಲೋ ಕಿವಿಯಿಂದಲೋ ತಿಳಿನೀರಿನಂಥದ್ದು ತೊಟ್ಟಿಕ್ಕುವುದು. ಈ ಕಪ್ಪು, ನೀಲಿ ಗುರುತುಗಳು ಮೂಡಲು ಹಲವು ಗಂಟೆಗಳೇ ಹಿಡಿಯಬಹುದಾದ್ದರಿಂದ ಬಿದ್ದ ತಕ್ಷಣ ಕಾಣಲಿಲ್ಲವೆಂದು ನೆಮ್ಮದಿಪಡುವಂತಿಲ್ಲ. ರಕ್ತ ಹೆಪ್ಪುಗಟ್ಟದ ಕಾಯಿಲೆಯಿರುವ ಮಕ್ಕಳು, ಮೆದುಳಿನಲ್ಲಿ ತುಂಬಿದ ನೀರು ಹರಿದುಹೋಗಲು ನಳಿಕೆ ಹಾಕಿಸಿಕೊಂಡ ಮಕ್ಕಳು, ಫಿಟ್ಸ್ ಬಂದವರು, ಮತ್ತೆ ಮತ್ತೆ ವಾಂತಿ ಮಾಡುವವರು, ಎಚ್ಚರ ಸ್ವಲ್ಪವಾದರೂ ಮಂಕಾಗಿರುವವರು, ಇವರೆಲ್ಲ ಆಸ್ಪತ್ರೆಯಲ್ಲೇ ಇರಬೇಕು. ಕೆಲವೇ ತಿಂಗಳ ಹಸುಗೂಸುಗಳ ವಿಷಯದಲ್ಲಿ ನಾನು ಈಗಲೂ ಇರಿಸಿಕೊಳ್ಳುವ ಕಡೆಗೇ ವಾಲುತ್ತೇನೆ; ಅವು ಮಂಕಾಗಿವೆಯೋ ನಿದ್ದೆಯಲ್ಲಿವೆಯೋ ಎಂದು ಹೇಳುವುದು ಅನುಭವಿಗಳಿಗೂ ಕಷ್ಟ, ಜೊತೆಗೆ ಅಷ್ಟು ಪುಟ್ಟ ದೇಹದಲ್ಲಿ ತಲೆಯ ಊತದೊಳಗೆ ಸೇರಿದ ರಕ್ತವೇ ರಕ್ತಹೀನತೆ ತರುವಷ್ಟಾಗಬಹುದು.

ಎಚ್ಚರವನ್ನು ಅಳೆಯಲು ವೈದ್ಯರು ಬಳಸುವುದು ಗ್ಲಾಸ್ಗೋ ನಗರದಲ್ಲಿ 1974ರಲ್ಲಿ ರೂಪುಗೊಂಡ ಒಂದು ಅಂಕಪದ್ಧತಿ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಈ ಮೂರಕ್ಕೂ ಅಂಕ ಕೊಟ್ಟು ಕೂಡಿದರೆ ಕನಿಷ್ಠ 3, ಗರಿಷ್ಠ 15 ಬರುತ್ತದೆ. ಪುಟ್ಟ ಮಕ್ಕಳಲ್ಲಿ ಮಾತಿನ ಬದಲು ಅಳು, ಕೇಕೆಗಳನ್ನು ಲೆಕ್ಕಕ್ಕೆ ಹಿಡಿಯುತ್ತೇವೆ. ಮನೆಗೆ ಕಳುಹಿಸುವ ಮಗುವಿಗೆ ಪೂರಾ 15 ಇರಬೇಕು, 14 ಸಾಲದು. ಆದರೆ ಪೆಕಾರ್ನ್ ಅಳತೆಗೋಲಿನಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಇನ್ನೊಂದು ಪ್ರಶ್ನೆಯಿದೆ, ನನಗೆ ಅದು ಅಂಕಗಳಿಗಿಂತಲೂ ಮುಖ್ಯವೆನಿಸಿದೆ: ಮಗು ಎಂದಿನಂತೆ ಇದೆಯೇ ಎಂದು ಹೆತ್ತವರನ್ನು ಕೇಳಬೇಕು. ಎಂದಿನಂತೆ ಎಂಬುದು ತಾಯಿಗೆ ಗೊತ್ತೇ ಹೊರತು ಐದು ನಿಮಿಷ ನೋಡಿದ ನನಗೆ ಗೊತ್ತಿಲ್ಲ. ‘ಯಾಕೋ ನಮ್ಮ ಕೂಸು ಇವತ್ತು ನಮ್ಮ ಕೂಸಿನ ಹಂಗೆ ಇಲ್ಲ’ ಎಂದು ತಾಯಿ ಹೇಳಿದರೆ, ಎಲ್ಲ ಪರೀಕ್ಷೆಯೂ ಸರಿಯಿದ್ದರೂ ನಾನು ಆ ಮಗುವನ್ನು ಕಳುಹಿಸುವುದಿಲ್ಲ.

ಅದೇ ಅಳತೆಗೋಲಿನ ಇನ್ನೆರಡು ಸಂಗತಿಗಳು ಶಿಕ್ಷಕರಿಗೂ ಅಂಗನವಾಡಿಯವರಿಗೂ ಉಪಯೋಗಕ್ಕೆ ಬರುತ್ತವೆ. ಎರಡು ವರ್ಷದೊಳಗಿನವರಿಗೆ 3 ಅಡಿಗಿಂತ, ಅದಕ್ಕಿಂತ ದೊಡ್ಡವರಿಗೆ 5 ಅಡಿಗಿಂತ ಎತ್ತರದಿಂದ ಬಿದ್ದರೆ ಅದನ್ನು ಗಂಭೀರ ಪೆಟ್ಟಿನ ಲೆಕ್ಕಕ್ಕೆ ಸೇರಿಸುತ್ತಾರೆ. ನಮ್ಮ ಮನೆಗಳ ಮಂಚ ಹೆಚ್ಚಾಗಿ ಈ ಗಡಿಯ ಒಳಗಿರುತ್ತದೆ. ಎತ್ತಿಕೊಂಡವರ ಸೊಂಟ, ಎತ್ತರದ ಜಗಲಿ, ಟ್ರ್ಯಾಕ್ಟರ್ ಟ್ರೇಲರ್, ತಾರಸಿ ಒಳಗಿರುವುದಿಲ್ಲ. ಎರಡನೆಯದು, ಪುಟ್ಟ ಕೂಸಿನ ಹಣೆಯ ಮೇಲಿನ ಬುಗುಟಿಗಿಂತ ತಲೆಯ ಪಕ್ಕದ ಅಥವಾ ಹಿಂಬದಿಯ ಊತಕ್ಕೆ ಹೆಚ್ಚು ಬೆಲೆ ಕೊಡಬೇಕು. ಹಣೆಯ ಮೂಳೆ ಗಟ್ಟಿ. ನಡೆಯಲು ಕಲಿಯುವ ಕೂಸುಗಳೆಲ್ಲ ಹಣೆಯಲ್ಲಿ ಒಂದೊಂದು ಬುಗುಟು ಹೊತ್ತೇ ಬೆಳೆಯುತ್ತವೆ. ಪಕ್ಕದ ಮೆತ್ತನೆಯ ಊತವನ್ನು ಮಾತ್ರ ವೈದ್ಯರಿಗೆ ತೋರಿಸಲೇಬೇಕು. ಅದನ್ನು ತಿಕ್ಕಿ ಕರಗಿಸಲು ಹೋಗಬಾರದು, ಸೂಜಿ ಹಾಕಿ ತೆಗೆಸಲೂ ಬಾರದು. ಸೂಜಿಯಿಂದ ಸೋಂಕು ಒಳಹೋಗುವ ಅಪಾಯವಿದೆ, ರಕ್ತವನ್ನು ಹೇಗೂ ದೇಹವೇ ಹೀರಿಕೊಳ್ಳುತ್ತದೆ.

ಇನ್ನು ನನ್ನ ಮಾತಿನ ನಡುಭಾಗಕ್ಕೆ ಬರುತ್ತೇನೆ. ಮೇಲೆ ಹೇಳಿದ ಅಧ್ಯಯನಗಳನ್ನು ಓದಿ ಹುರುಪಿನಿಂದ ನಾನು ಕೆಲಕಾಲ ಎಲ್ಲರನ್ನೂ ಬೇಗ ಮನೆಗೆ ಕಳುಹಿಸತೊಡಗಿದ್ದೆ. ಆ ಅವಧಿಯಲ್ಲಿ ಒಂದು ಸಂಜೆ ಮೊಳಕಾಲ್ಮೂರು ಕಡೆಯಿಂದ ನಾಲ್ಕು ವರ್ಷದ ಹುಡುಗ ಬಂದ. ಆರು ಗಂಟೆ ಕಾಲ ಗಮನಿಸಿದೆವು. ಸ್ಕ್ಯಾನ್‌ನಲ್ಲಿ ನೇರ ಬಿರುಕು, ಒಳಗೆ ಸ್ವಚ್ಛ, ಹುಡುಗ ಬಿಸ್ಕತ್ತು ತಿಂದು ವಾರ್ಡಿನ ತುಂಬ ಓಡಾಡುತ್ತಿದ್ದ. ಡಿಸ್ಚಾರ್ಜ್ ಚೀಟಿ ಬರೆಯಲು ಕೂತಾಗ ಹಿರಿಯ ಶುಶ್ರೂಷಕಿಯೊಬ್ಬರು, ‘ಕೊನೆ ಬಸ್ಸು ಹೋಗಿದೆ ಸರ್, ಇವರು ಎಲ್ಲಿಗೆ ಹೋಗ್ತಾರೆ?’ ಎಂದರು. ನಾನು ಪೆನ್ನು ಕೆಳಗಿಟ್ಟೆ. ನಾನು ಕಳುಹಿಸಲು ಹೊರಟಿದ್ದದ್ದು ಮನೆಗಲ್ಲ, ಬಸ್ ನಿಲ್ದಾಣದ ಕಲ್ಲುಬೆಂಚಿಗೆ. ಹೇಗೋ ಮನೆ ಸೇರಿದರೂ, ನಡುರಾತ್ರಿ ಮಗು ವಾಂತಿ ಮಾಡಿದರೆ ಅಲ್ಲಿಂದ ಸ್ಕ್ಯಾನ್ ಇರುವ ಊರಿಗೆ, ಶಸ್ತ್ರಚಿಕಿತ್ಸಕರಿರುವ ಊರಿಗೆ ಮರಳಿ ಬರಲು ಎಷ್ಟು ಹೊತ್ತು ಬೇಕು? ಆ ಹುಡುಗನನ್ನು ಅಂದು ರಾತ್ರಿ ಇರಿಸಿಕೊಂಡೆವು, ಬೆಳಗಿನ ಬಸ್ಸಿಗೆ ಕಳುಹಿಸಿದೆವು. ಅಧ್ಯಯನಗಳ ಯಾವ ಕೋಷ್ಟಕದಲ್ಲೂ ಕೊನೆಯ ಬಸ್ಸು ಎಂಬ ಅಂಕಣವಿಲ್ಲ. ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಮಟ್ಟಿಗೆ ಅದು ಇರಲೇಬೇಕು.

ದಾವಣಗೆರೆ ನಗರದೊಳಗೆ, ಆಟೋದಲ್ಲಿ ಹತ್ತು ನಿಮಿಷದ ದೂರದಲ್ಲಿ ಮನೆಯಿರುವ, ಇಬ್ಬರು ದೊಡ್ಡವರು ಜೊತೆಗಿರುವ ಮಗುವೂ, ಹೊಸದುರ್ಗದಿಂದಾಚೆ ತೋಟದ ಮನೆಯಲ್ಲಿ ಅಜ್ಜಿಯೊಬ್ಬರ ಜೊತೆ ಇರುವ ಮಗುವೂ ಸ್ಕ್ಯಾನ್ ಚಿತ್ರದಲ್ಲಿ ಒಂದೇ. ಆದರೆ ಒಬ್ಬನಿಗೆ ಆರು ಗಂಟೆಯ ಗಮನಿಕೆಯ ನಂತರ ಮನೆಯೇ ಸರಿ, ಇನ್ನೊಬ್ಬನಿಗೆ ಒಂದು ರಾತ್ರಿ ವಾರ್ಡೇ ಸರಿ. ಇದನ್ನು ತಾರತಮ್ಯ ಎನ್ನಬೇಕಿಲ್ಲ. 108 ಆಂಬುಲೆನ್ಸ್ ಬರುತ್ತದೆ ಎಂಬುದು ನಿಜ, ಕರೆದ ಮೇಲೆ ಬಂದು ಮರಳಿ ಸೇರಿಸಲು ಹಿಡಿಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕೆನ್ನುವುದೂ ಅಷ್ಟೇ ನಿಜ. ನಾನು ಒಪ್ಪದಿರುವುದು ಒಂದು ರಾತ್ರಿಯನ್ನು ಐದು ದಿನವಾಗಿಸುವುದನ್ನು. ಬೆಳಗ್ಗೆ ಮಗು ಉಂಡು ಆಡುತ್ತಿದ್ದರೆ ಮತ್ತೆ ಸ್ಕ್ಯಾನ್ ಮಾಡುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ. ಸಿ.ಟಿ. ಎಂದರೆ ಕ್ಷಕಿರಣವೇ, ಮಾಮೂಲಿ ಎದೆಯ ಎಕ್ಸ್‌ರೇಗಿಂತ ಹತ್ತಾರು ಪಟ್ಟು ಹೆಚ್ಚಿನದು. ಬೆಳೆಯುವ ಮಕ್ಕಳ ಮೇಲೆ ಅದನ್ನು ಸಮಾಧಾನಕ್ಕಾಗಿ ಪ್ರಯೋಗಿಸಬಾರದು. ತಲೆಯ ಎಕ್ಸ್‌ರೇ ಒಂದನ್ನೇ ನೋಡಿ ಮನೆಗೆ ಕಳುಹಿಸುವುದೂ ಸರಿಯಲ್ಲ, ಏಕೆಂದರೆ ಅದು ಮೂಳೆಯನ್ನು ತೋರಿಸುತ್ತದೆ, ಅಡಿಯಲ್ಲಿರುವ ರಕ್ತವನ್ನು ತೋರಿಸುವುದಿಲ್ಲ. ಮೇಲಿನ ಅಂಕಿಗಳೆಲ್ಲ ಒಳಗೆ ಏನೂ ಇಲ್ಲವೆಂದು ಖಚಿತವಾದ ಮಕ್ಕಳಿಗೆ ಸಂಬಂಧಿಸಿದವು.

ಒಂದು ಕಹಿ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಎರಡು ತಿಂಗಳ ಕೂಸು ತಾನೇ ಹೊರಳಿ ಬಿತ್ತು ಎಂದರೆ ನಂಬುವುದು ಕಷ್ಟ, ಆ ವಯಸ್ಸಿಗೆ ಹೊರಳುವ ಶಕ್ತಿ ಬಂದಿರುವುದಿಲ್ಲ. ಹೇಳುವ ಕತೆ ಗಳಿಗೆಗೊಮ್ಮೆ ಬದಲಾದರೆ, ಬಿರುಕುಗಳು ಒಂದಕ್ಕಿಂತ ಹೆಚ್ಚಿದ್ದರೆ, ಮೈಮೇಲೆ ಬೇರೆ ಬೇರೆ ದಿನದ ಗಾಯಗಳಿದ್ದರೆ, ಮಗುವನ್ನು ಇರಿಸಿಕೊಳ್ಳುವುದು ಮೂಳೆಗಾಗಿ ಅಲ್ಲ, ಅದರ ರಕ್ಷಣೆಗಾಗಿ. ಹೆಚ್ಚಿನ ಮನೆಗಳಲ್ಲಿ ನಡೆದದ್ದು ನಿಜವಾದ ಆಕಸ್ಮಿಕವೇ, ಬಿದ್ದ ಗಳಿಗೆಯಲ್ಲಿ ಎತ್ತಿಕೊಂಡಿದ್ದವರು ಆಗಲೇ ಪಶ್ಚಾತ್ತಾಪದಿಂದ ಬೆಂದಿರುತ್ತಾರೆ. ಆದ್ದರಿಂದ ಪ್ರಶ್ನೆಯನ್ನು ಎಲ್ಲರಿಗೂ ಒಂದೇ ರೀತಿ, ಮೆಲುದನಿಯಲ್ಲಿ ಕೇಳಬೇಕು. ಅತ್ತೆಯ ಎದುರಿಗೆ ಸೊಸೆಯನ್ನು ‘ನಿನ್ನ ಕೈಯಿಂದ ಬಿತ್ತಾ?’ ಎಂದು ಕೇಳುವ ವೈದ್ಯರನ್ನು ನಾನು ನೋಡಿದ್ದೇನೆ. ಅಂಥ ಪ್ರಶ್ನೆಗೆ ಸತ್ಯ ಸಿಗುವುದಿಲ್ಲ.

ಮನೆಗೆ ಕಳುಹಿಸುವಾಗ ತಾಯಿಯ ಕೈಗೆ ಚೀಟಿ ಕೊಟ್ಟರೆ ಸಾಲದು, ಅದನ್ನು ಆಕೆಯೇ ನಮಗೆ ತಿರುಗಿ ಹೇಳುವಂತೆ ಮಾಡಬೇಕು. ಮಗುವನ್ನು ಮಲಗಲು ಬಿಡಬಾರದು ಎಂಬ ಮಾತು ಹಳ್ಳಿಗಳಲ್ಲಿ ಬಲವಾಗಿದೆ; ದಣಿದ ಮಗುವನ್ನು ರಾತ್ರಿಯಿಡೀ ಅಲುಗಿಸಿ ಎಬ್ಬಿಸಿ ಕೂರಿಸುತ್ತಾರೆ. ಮಗು ಮಲಗಲಿ. ಮೊದಲ ರಾತ್ರಿ ಒಂದೆರಡು ಬಾರಿ ತಟ್ಟಿ ನೋಡಿ, ಮುಲುಗಿ ಹೊರಳಿ ಮತ್ತೆ ಮಲಗಿದರೆ ಒಳ್ಳೆಯದು. ತಟ್ಟಿದರೂ ಜೋಲುಬಿದ್ದಂತಿದ್ದರೆ ಹೊರಟು ಬನ್ನಿ. ವಾಂತಿ ಮರುಕಳಿಸಿದರೆ, ಅಳು ನಿಲ್ಲದಿದ್ದರೆ, ಒಂದು ಕೈಯೋ ಕಾಲೋ ಸೋತಂತೆ ಕಂಡರೆ, ಫಿಟ್ಸ್ ಬಂದರೆ, ಮೂಗು ಕಿವಿಗಳಿಂದ ನೀರು ಸೋರಿದರೆ ಬೆಳಗಾಗಲಿ ಎಂದು ಕಾಯಬೇಡಿ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ನೀರು ಹಾಕುವುದು ಬೇಡ; ಪಕ್ಕಕ್ಕೆ ಹೊರಳಿಸಿ ಮಲಗಿಸಿದರೆ ಸಾಕು. ನೋವಿಗೆ ತೂಕಕ್ಕೆ ತಕ್ಕಂತೆ ವೈದ್ಯರು ಬರೆದ ಪ್ಯಾರಾಸಿಟಮಾಲ್ ಬಿಟ್ಟು ಮನೆಯಲ್ಲಿದ್ದ ಮಾತ್ರೆಗಳನ್ನು ಕೊಡಬೇಡಿ. ಕೆಲವು ವಾರ ಮರ ಹತ್ತುವುದು, ಕಬಡ್ಡಿ, ಸೈಕಲ್ ಕಲಿಯುವುದು ನಿಲ್ಲಲಿ, ಶಾಲೆ ನಿಲ್ಲಬೇಕಿಲ್ಲ. ಹಾಗೆಯೇ, ಡಿಸ್ಚಾರ್ಜ್ ಮಾಡಿಕೊಂಡು ಹೋಗುವಾಗ ಅದೇ ಮಗುವನ್ನು ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಬರಿತಲೆಯಲ್ಲಿ ಕೂರಿಸಿಕೊಂಡು ಹೆದ್ದಾರಿ ಹತ್ತುವ ತಂದೆಯರನ್ನು ಆಸ್ಪತ್ರೆಯ ಗೇಟಿನಲ್ಲೇ ನೋಡಿದ್ದೇನೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ ಮತ್ತು ಸುರಕ್ಷಾ ಪಟ್ಟಿ ಕಡ್ಡಾಯವೆಂಬ ಕೇಂದ್ರದ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಒಂದು ಗಂಟೆ ನಿಂತರೂ ಅದನ್ನು ಪಾಲಿಸಿದ ಒಂದು ಮಗು ನನ್ನ ಕಣ್ಣಿಗೆ ಬಿದ್ದಿಲ್ಲ.

ಮಾತು ಮುಗಿದ ಮೇಲೆ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಎದ್ದು, ಮನೆಗೆ ಬಂದ ಮಗುವಿನ ಬಿರುಕು ಕೂಡಿಕೊಂಡಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ, ಮತ್ತೆ ಸ್ಕ್ಯಾನಿಂಗಿಗೆ ಕಳುಹಿಸಬೇಕೇ ಎಂದು ಕೇಳಿದರು. ಅಂದಿನ ಪ್ರಶ್ನೆಗಳಲ್ಲೇ ಇದು ಒಳ್ಳೆಯದು. ತೀರಾ ಅಪರೂಪಕ್ಕೆ, ಹೆಚ್ಚಾಗಿ ಮೂರು ವರ್ಷದೊಳಗಿನ ಮಕ್ಕಳಲ್ಲಿ, ಬಿರುಕಿನ ಅಡಿಯ ಮೆದುಳಿನ ಹೊದಿಕೆಯೂ ಹರಿದಿದ್ದರೆ ಬಿರುಕು ಕೂಡುವ ಬದಲು ವಾರಗಳು, ತಿಂಗಳುಗಳು ಕಳೆದಂತೆ ಅಗಲವಾಗುತ್ತ ಹೋಗುತ್ತದೆ. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅದನ್ನು ಹುಡುಕಲು ಯಂತ್ರ ಬೇಕಿಲ್ಲ. ಮೊದಲಿನ ರಕ್ತದ ಊತ ಕೆಲವು ವಾರಗಳಲ್ಲಿ ಇಳಿದುಹೋಗಿರಬೇಕು. ಎರಡು ತಿಂಗಳಾದರೂ ಅಲ್ಲಿ ಮೆತ್ತಗಿದ್ದರೆ, ಮಗು ಅತ್ತಾಗ ಉಬ್ಬಿದರೆ, ಬೆರಳಿಗೆ ಮೂಳೆಯ ನಡುವೆ ಸಂದು ಸಿಕ್ಕರೆ ವೈದ್ಯರ ಬಳಿಗೆ ಕಳುಹಿಸಬೇಕು. ನೀವು ಪ್ರತಿ ತಿಂಗಳು ಮಕ್ಕಳ ತೂಕ ನೋಡುತ್ತೀರಲ್ಲ, ಆ ಮಗುವನ್ನು ತಕ್ಕಡಿಯಿಂದ ಎತ್ತಿಕೊಳ್ಳುವಾಗ ಬಿದ್ದಿದ್ದ ಕಡೆ ಒಮ್ಮೆ ತಲೆ ಸವರಿ ನೋಡಿ ಎಂದೆ. ಆಕೆ ಕೈಯಲ್ಲಿದ್ದ ಪುಸ್ತಕದಲ್ಲಿ ಅದನ್ನು ಬರೆದುಕೊಂಡು, ಎಡಗಡೆ ಬಿದ್ದಿತ್ತೋ ಬಲಗಡೆಯೋ ಎಂಬುದನ್ನು ಮಾತ್ರ ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಕಳುಹಿಸಿ ಎಂದರು.